ಉಪ್ಪಾಗೆಯ ಹುಳಿ ಬೊಜ್ಜು ಕರಗಿಸುವುದೇ?

ಮಲೆನಾಡಿನ ಅಡುಗೆಮನೆಗಳಲ್ಲಿ ಹುಣಸೆಗೆ ಬದಲಾಗಿ ಬಳಸುವ ಕಪ್ಪನೆಯ ಒಣ ಸಿಪ್ಪೆಯನ್ನು ನೀವು ನೋಡಿರಬಹುದು. ಅದೇ ಉಪ್ಪಾಗೆ. ಕೊಡಗಿನ ಕಾಚಂಪುಳಿ ಈ ಹಣ್ಣಿನ ರಸವನ್ನೇ ಕುದಿಸಿ ಬತ್ತಿಸಿದ್ದು. ಬೇಸಿಗೆಯ ಪಾನಕಕ್ಕೆ ಒದಗುವ ಮುರುಗಲು, ಅಂದರೆ ದಕ್ಷಿಣ ಕನ್ನಡದವರ ಪುನರ್ಪುಳಿ, ಇದರ ಹತ್ತಿರದ ಸಂಬಂಧಿ. ಎರಡೂ ಗಾರ್ಸೀನಿಯ ಕುಲದ ಮರಗಳು.

ಮುರುಗಲಿನ ಕೆಂಪಿಗೆ ಆಂಥೋಸಯನಿನ್‌ಗಳು ಕಾರಣ. ರಸಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತ ಹೋಗಿ, ಬಣ್ಣ ಬದಲಾಗುವುದನ್ನು ತರಗತಿಯಲ್ಲೇ ತೋರಿಸಬಹುದು. ಸಿಪ್ಪೆಯಲ್ಲಿರುವ ಹಳದಿ ವಸ್ತು ಗಾರ್ಸಿನಾಲ್. ಪ್ರಯೋಗಾಲಯದ ಜೀವಕೋಶಗಳಲ್ಲಿ ಇದು ಉರಿಯೂತ ತಗ್ಗಿಸಿದೆ. ಆದರೆ ಅದು ರೋಗಿಗೆ ಗುಣವಾದುದಕ್ಕೆ ಪುರಾವೆಯಲ್ಲ.

ಹೆಚ್ಚು ಸದ್ದು ಮಾಡಿದ್ದು ಉಪ್ಪಾಗೆ. ಇದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತಿಳಿಸಿದವರು ಲೂಯಿಸ್ ಮತ್ತು ನೀಲಕಂಠನ್. ನಿಂಬೆಯ ಸಿಟ್ರಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ ಸೇರಿದರೆ ಈ ಆಮ್ಲ. ನಮ್ಮ ಜೀವಕೋಶಗಳಲ್ಲಿ ಒಂದು ಕಿಣ್ವ ಸಿಟ್ರೇಟನ್ನು ಸೀಳಿ ಅಸಿಟೈಲ್ ಕೋ-ಎ ಒದಗಿಸುತ್ತದೆ. ಕೊಬ್ಬಿನ ಆಮ್ಲಗಳಿಗೆ ಅದೇ ಕಚ್ಚಾವಸ್ತು. ಸಿಟ್ರೇಟನ್ನು ಹೋಲುವ ಈ ಹುಳಿ ಕಿಣ್ವದಲ್ಲಿ ಅದರ ಜಾಗವನ್ನು ಹಿಡಿದು ಕೆಲಸ ತಡೆಯುತ್ತದೆ. ಇಲಿಗಳಲ್ಲಿ ಕೊಬ್ಬಿನ ತಯಾರಿಕೆ ಇಳಿಯಿತು. ಬೊಜ್ಜು ಕರಗಿಸುವ ಮಾತ್ರೆಗಳು ಮಾರುಕಟ್ಟೆಗೆ ಬರಲು ಇಷ್ಟೇ ಸಾಕಾಯಿತು!

ಮನುಷ್ಯರಲ್ಲಿ ಏನಾಯಿತು? 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 135 ಮಂದಿ ಇದ್ದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಹನ್ನೆರಡು ವಾರಗಳ ನಂತರ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಅಚ್ಚರಿಯಿಲ್ಲ. ನಮ್ಮ ಮೈಯ ಕೊಬ್ಬಿನ ಬಹುಪಾಲು ಆಹಾರದ ಎಣ್ಣೆ, ತುಪ್ಪಗಳಿಂದಲೇ ಬರುತ್ತದೆ. ಅದನ್ನು ಶೇಖರಿಸಲು ಈ ಕಿಣ್ವದ ಹಂಗಿಲ್ಲ. ನಂತರದ ವರ್ಷಗಳಲ್ಲಿ ಇಂಥ ಮಾತ್ರೆ ನುಂಗಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ವರದಿಗಳೂ ಬಂದಿವೆ. ಸಾರಿಗೆ ಹಾಕುವ ಎರಡು ಸಿಪ್ಪೆಗೆ ಹೆದರಬೇಕಿಲ್ಲ. ಸಾಂದ್ರೀಕರಿಸಿದ ಸಾರದ ಪ್ರಮಾಣವೇ ಬೇರೆ.

ಮಾತ್ರೆಗಳ ಬೆಲೆಯನ್ನು ಕಾಡೂ ತೆತ್ತಿತು. 1990ರ ದಶಕದಲ್ಲಿ ಬೇಡಿಕೆ ಏರಿದಾಗ ಉತ್ತರ ಕನ್ನಡದಲ್ಲಿ ಹಣ್ಣಿಗಾಗಿ ಕೊಂಬೆಗಳನ್ನೇ ಕಡಿದರು. ಹಣ್ಣಾಗುವುದು ಮಳೆಗಾಲದಲ್ಲಿ, ಆಗ ಬಿಸಿಲಿಲ್ಲ. ಸಿಪ್ಪೆ ಒಣಗಿಸುವ ಒಲೆಗಳಿಗೆ ಸೌದೆಯೂ ಅದೇ ಕಾಡಿನಿಂದ ಬಂತು.