ಉಸಿರಿನ ನಾಳಕ್ಕೆ ಗಾರೆ ಮೆತ್ತೋರು ಯಾರು?

ಎದೆಯ ಗುಯ್‌ಗುಯ್ ಸದ್ದು ನಿಂತ ಮಾತ್ರಕ್ಕೆ ಅಸ್ತಮಾ ಹೋಯ್ತಾ? ಇಲ್ಲ ಸ್ವಾಮಿ, ಒಳಗೆ ಗಾರೆ ಕೆಲಸ ನಡೀತಾನೇ ಇರುತ್ತೆ.

ಹಲವರಲ್ಲಿ ಇದರ ಮೇಸ್ತ್ರಿ ಇಯೊಸಿನೊಫಿಲ್. ಇಯೊಸಿನ್ ಬಣ್ಣ ಹಾಕಿದರೆ ಕೆಂಪಗೆ ಹೊಳೆಯೋ ಬಿಳಿ ರಕ್ತಕಣ. 1879ರಲ್ಲಿ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಖ್ ಇಟ್ಟ ಹೆಸರು. ಇದರ ಅಸಲಿ ಕೆಲಸ ಜಂತುಹುಳುಗಳ ಜೊತೆ ಹೊಡೆದಾಟ. ಪಾಪ, ಇಲ್ಲಿ ಮನೆ ದೂಳಿನ ಜೊತೆಗೇ ಯುದ್ಧ!

ರೋಗನಿರೋಧಕ ಟಿ ಕೋಶಗಳು ಐಎಲ್-5 ಅನ್ನೋ ಸಂದೇಶ ಕಳಿಸಿ ಇದನ್ನ ಕರೆಸುತ್ತವೆ. ಬಂದದ್ದೇ, ವಿಷದಂಥ ಪ್ರೋಟೀನ್ ಸುರಿದು ನಾಳದ ಒಳಪೊರೆ ಕೆಡಿಸುತ್ತೆ. ಜೊತೆಗೆ ಟಿಜಿಎಫ್-ಬೀಟಾ ಅನ್ನೋ ಇನ್ನೊಂದು ಸಂದೇಶ ಬಿಡುತ್ತೆ. ಅದರ ಸುಳಿವು ಸಿಕ್ಕ ಫೈಬ್ರೊಬ್ಲಾಸ್ಟ್ ಅನ್ನೋ ಕೋಶಗಳು ಪೊರೆಯ ಕೆಳಗೆ ಕೊಲಾಜನ್ ಅನ್ನೋ ನಾರಿನ ಪ್ರೋಟೀನ್ ಮೆತ್ತುತ್ತವೆ, ಪದರದ ಮೇಲೆ ಪದರ. ಸ್ನಾಯುವೂ ದಪ್ಪ, ಕಫವೂ ಜಾಸ್ತಿ, ದಾರಿ ಕಿರಿದು.

ಸಾಲ್ಬುಟಮಾಲ್ ಪಂಪ್ ಸ್ನಾಯು ಸಡಿಲಿಸುತ್ತೆ, ಅಷ್ಟೇ. ಮೇಸ್ತ್ರಿಯನ್ನ ಹದ್ದುಬಸ್ತಿನಲ್ಲಿಡೋದು ಸ್ಟೀರಾಯ್ಡ್ ಇನ್ಹೇಲರ್. ಡಾಕ್ಟರನ್ನ ಕೇಳದೆ ಅದನ್ನ ನಿಲ್ಲಿಸಬೇಡಿ.