ದೋಣಿಯ ತಾಮ್ರದ ಬಣ್ಣಕ್ಕೂ ಅಳತೆ ಬೇಕು
ಅಳಿವೆಯ ನೀರಿನ ರಕ್ಷಣೆಯಲ್ಲಿ ಉದ್ದಿಮೆಯ ಪಾತ್ರ

ಹಿರಿಯೂರು ತಾಲ್ಲೂಕಿನ ಬಬ್ಬೂರು ಸಮುದ್ರದಿಂದ ಬಹುದೂರದ ಊರು. ಆ ಸೀಮೆಯ ವೇದಾವತಿಯೂ ಪಶ್ಚಿಮ ಕರಾವಳಿಯತ್ತ ಹರಿಯುವ ನದಿಯಲ್ಲ. ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುವಂಥದು. ಆದರೂ ತಾಮ್ರದ ಗುಣದೋಷಗಳ ವಿಚಾರದಲ್ಲಿ ಚಿತ್ರದುರ್ಗ ಜಿಲ್ಲೆಯ ಅನುಭವ ಕರಾವಳಿಗೂ ಪಾಠವಾಗಬಲ್ಲದು. ಒಂದು ಕಾಲಕ್ಕೆ ತಾಮ್ರದ ಅದಿರನ್ನು ಹೊರತೆಗೆಯುತ್ತಿದ್ದ ಇಂಗಳದಾಳ್ ಗಣಿ ಈ ಜಿಲ್ಲೆಯದೇ. ಬಬ್ಬೂರು ಫಾರಂ ಎಂದೇ ಹೆಸರಾದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿರುವುದೂ ಇಲ್ಲಿಯೇ. ಅಡಿಕೆ, ದಾಳಿಂಬೆಯ ರೋಗಗಳಿಗೆ ತಾಮ್ರದ ಔಷಧಿ ಸಿಂಪಡಿಸುವ ಬೆಳೆಗಾರರಿಗೆ ಅದರ ಅಳತೆಯ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಸುಣ್ಣ ಕಡಿಮೆಯಾದರೆ ಎಲೆಯೇ ಸುಡುತ್ತದೆಂಬುದನ್ನೂ ಅವರು ಬಲ್ಲರು.

ಕೃಷಿ ಔಷಧಿಗಳ ಮಾರಾಟಕ್ಕೆ 1968ರ ಕೀಟನಾಶಕ ಅಧಿನಿಯಮದ ಅಂಕುಶವುಂಟು. ಡಬ್ಬಿಯ ಮೇಲೆ ಪ್ರಮಾಣ, ಎಚ್ಚರಿಕೆ, ವಿಷತ್ವವನ್ನು ತೋರುವ ಬಣ್ಣದ ಚಿಹ್ನೆ ಎಲ್ಲವೂ ಇರುತ್ತವೆ. ಅದೇ ತಾಮ್ರ ದೋಣಿಯ ತಳಕ್ಕೆ ಬಳಿಯುವ ಬಣ್ಣವಾಗಿ ಕರಾವಳಿಯನ್ನು ತಲುಪಿದಾಗ, ಅದು ನೀರಿಗೆ ಎಷ್ಟು ಬಿಡುಗಡೆಯಾಗಬೇಕೆಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಬಣ್ಣ ಏಕೆ ಬೇಕು?

ಮಂಗಳೂರಿನ ಹಳೆ ಬಂದರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ, ಕಾರವಾರ ಮೊದಲಾದೆಡೆಗಳಲ್ಲಿ ನಿಲ್ಲುವ ಬೋಟುಗಳ ತಳಕ್ಕೆ ಪಾಚಿ, ಬಾರ್ನಕಲ್ ಎಂಬ ಚಿಪ್ಪುಜೀವಿ, ಚಿಕ್ಕ ಮೃದ್ವಂಗಿಗಳು ಅಂಟಿಕೊಂಡು ಬೆಳೆಯುತ್ತವೆ. ತಳ ಒರಟಾದಷ್ಟೂ ಬೋಟಿನ ವೇಗ ಕುಗ್ಗಿ, ಡೀಸೆಲ್ ವೆಚ್ಚ ಏರುತ್ತದೆ. ಮರದ ಬೋಟಾದರೆ ಹಲಗೆಯನ್ನೇ ಕೊರೆಯುವ ಹುಳುವಿನ ಕಾಟ ಬೇರೆ. ಹಿಂದಿನವರು ಇದಕ್ಕೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆಗಳನ್ನು ಬಳಿಯುತ್ತಿದ್ದರು. ಇಂದು ಆ ಸ್ಥಾನವನ್ನು ಕ್ಯುಪ್ರಸ್ ಆಕ್ಸೈಡ್ ಬೆರೆತ ಬಣ್ಣಗಳು ಆಕ್ರಮಿಸಿವೆ. ಕೆಲವು ಬಣ್ಣಗಳಲ್ಲಿ ಈ ಸಂಯುಕ್ತವು ತೂಕದ ಶೇ. 40ನ್ನೂ ಮೀರಿರುತ್ತದೆ.

ಈ ಬಣ್ಣ ಕೆಲಸ ಮಾಡುವ ಬಗೆಯೇ ಸಮಸ್ಯೆಯ ಮೂಲ. ಅದು ತಡೆಗೋಡೆಯಂತೆ ನಿಲ್ಲುವುದಲ್ಲ; ತಾಮ್ರವನ್ನು ನಿಧಾನವಾಗಿ ನೀರಿಗೆ ಬಿಡುತ್ತ ಹೋಗುತ್ತದೆ. ತಳಕ್ಕೆ ಅಂಟಬಯಸುವ ಜೀವಿಯನ್ನು ಕೊಲ್ಲುವ ತಾಮ್ರ, ಪಕ್ಕದ ನೀರಿನಲ್ಲಿರುವ ಮರುವಾಯಿ, ಪಚ್ಚಿಲೆಗಳ ಮರಿಗಳನ್ನು ಬೇರೆಯೆಂದು ಗುರುತಿಸಲಾರದು. ಚಿಪ್ಪುಜೀವಿಗಳ ಎಳೆಯ ಹಂತವು ತಾಮ್ರಕ್ಕೆ ಅತಿ ಸೂಕ್ಷ್ಮ. ಮೀನಿನ ಕಿವಿರು ಹಾಗೂ ವಾಸನೆಯನ್ನು ಗ್ರಹಿಸುವ ಶಕ್ತಿಗೂ ಅದರಿಂದ ಹಾನಿಯುಂಟು. ಅಳಿವೆಯ ಚಿಪ್ಪುಮೀನು ಅನೇಕ ಬಡ ಕುಟುಂಬಗಳ ಜೀವನೋಪಾಯ. ಬೋಟಿನ ಮಾಲೀಕನಿಗೆ ಉಳಿತಾಯವಾಗಿ ಕಾಣುವುದು ಮತ್ತೊಬ್ಬನ ದುಡಿಮೆಗೆ ನಷ್ಟವಾಗಬಹುದೆಂಬುದು ಗಮನಿಸಬೇಕಾದ ಅಂಶ.

ಒಂದು ಸರಳ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ವಿಹಾರ ದೋಣಿಗಳ ಬಣ್ಣದಿಂದ ತಾಮ್ರ ಬಿಡುಗಡೆಯಾಗುವ ದರಕ್ಕೆ 2018ರ ಜುಲೈ 1ರಿಂದ ಮಿತಿ ಹಾಕಿತು: ದಿನಕ್ಕೆ ಚದರ ಸೆಂಟಿಮೀಟರಿಗೆ 9.5 ಮೈಕ್ರೋಗ್ರಾಂ. ನೀರಿನಲ್ಲಿ ಮುಳುಗಿದ ಭಾಗ 100 ಚದರ ಮೀಟರ್ ಇರುವ ಬೋಟೊಂದಕ್ಕೆ ಇದನ್ನೇ ಅನ್ವಯಿಸಿದರೆ ದಿನಕ್ಕೆ 9.5 ಗ್ರಾಂ ತಾಮ್ರ ನೀರಿಗೆ ಸೇರುತ್ತದೆ. 300 ದಿನಗಳಿಗೆ ಅದು 2.85 ಕಿಲೋ. ಸಮುದ್ರಜೀವಿಗಳ ದೀರ್ಘಕಾಲದ ರಕ್ಷಣೆಗೆ ಅಮೆರಿಕದ ಪರಿಸರ ಸಂಸ್ಥೆ ಶಿಫಾರಸು ಮಾಡಿರುವ ಮಟ್ಟ, ಲೀಟರಿಗೆ 3.1 ಮೈಕ್ರೋಗ್ರಾಂ ಕರಗಿದ ತಾಮ್ರ. ತಾಮ್ರವೇ ಇಲ್ಲದ ಸುಮಾರು 30 ಲಕ್ಷ ಲೀಟರ್ ನೀರನ್ನು ಈ ಮಟ್ಟಕ್ಕೇರಿಸಲು ಒಂದೇ ಬೋಟಿನ ಒಂದು ದಿನದ ತಾಮ್ರ ಸಾಕು. ನೂರು ಬೋಟುಗಳಿಗೆ ಅದು 30 ಕೋಟಿ ಲೀಟರ್.

ಇದು ಅಂದಾಜಿನ ಲೆಕ್ಕವೇ ಹೊರತು ಯಾವುದೇ ಬಂದರಿನ ಅಳತೆಯಲ್ಲ. ಭರತ ಇಳಿತಗಳು ನೀರನ್ನು ಬದಲಿಸುತ್ತವೆ. ನೀರಿನಲ್ಲಿರುವ ಸಾವಯವ ಪದಾರ್ಥವು ತಾಮ್ರವನ್ನು ಹಿಡಿದಿಟ್ಟು ಅದರ ವಿಷತ್ವವನ್ನು ತಗ್ಗಿಸುತ್ತದೆ. ಆದರೆ ನೀರಿನ ಸಂಚಾರ ಮಂದವಾಗಿದ್ದು, ಬೋಟುಗಳು ಒತ್ತೊತ್ತಾಗಿ ನಿಲ್ಲುವ ದಕ್ಕೆಯ ಮೂಲೆಗಳಲ್ಲಿ ಈ ಲೆಕ್ಕಕ್ಕೆ ಅರ್ಥವಿದೆ. ನಮ್ಮಲ್ಲಿ ಪರಿಸರ ಸಂರಕ್ಷಣಾ ನಿಯಮಗಳು ಕರಾವಳಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ತಾಮ್ರಕ್ಕೆ ಅವಕಾಶ ನೀಡಿವೆ. ಅದು ಕಾರ್ಖಾನೆಯ ಕೊಳವೆಬಾಯಿಗೆ ಹಾಕಿದ ಮಿತಿ. ಬೋಟಿನ ತಳಕ್ಕೆ ಕೊಳವೆಬಾಯಿಯೆಂಬುದೇ ಇಲ್ಲ.

ಹೊರನಾಡುಗಳ ಅನುಭವ

ತಾಮ್ರಕ್ಕೂ ಮುನ್ನ ತವರದ ಸಂಯುಕ್ತಗಳ ಕಥೆಯೊಂದು ನಡೆದುಹೋಗಿದೆ. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿ ಕೃಷಿ ನೆಲಕಚ್ಚಿದಾಗ, ದೋಣಿಗಳ ಟ್ರೈಬ್ಯುಟೈಲ್ ಟಿನ್ ಬಣ್ಣವೇ ಕಾರಣವೆಂದು ತಿಳಿದುಬಂತು. 1982ರಲ್ಲಿ ಆ ದೇಶ ಚಿಕ್ಕ ದೋಣಿಗಳಿಗೆ ಅದನ್ನು ನಿರ್ಬಂಧಿಸಿತು. 2001ರ ಅಂತಾರಾಷ್ಟ್ರೀಯ ಒಡಂಬಡಿಕೆ 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು ಜಗತ್ತಿನಾದ್ಯಂತ ತವರದ ಬಣ್ಣಕ್ಕೆ ತೆರೆ ಎಳೆಯಿತು. ಭಾರತ 2015ರಲ್ಲಿ ಇದನ್ನು ಸೇರಿತು. 2023ರ ಜನವರಿಯಿಂದ ಸೈಬ್ಯುಟ್ರಿನ್ ಎಂಬ ರಾಸಾಯನಿಕವೂ ನಿಷೇಧದ ಪಟ್ಟಿಗೆ ಸೇರಿತು. ತಾಮ್ರ ಮಾತ್ರ ಆ ಪಟ್ಟಿಯ ಹೊರಗೇ ಉಳಿದಿದೆ.

ತಾಮ್ರವನ್ನು ಒಮ್ಮೆಲೇ ನಿಷೇಧಿಸುವುದೂ ಸುಲಭವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯವು ವಿಹಾರ ದೋಣಿಗಳ ತಾಮ್ರದ ಬಣ್ಣವನ್ನು ಹಂತಹಂತವಾಗಿ ನಿಲ್ಲಿಸಲು 2011ರಲ್ಲಿ ಶಾಸನ ಮಾಡಿತು. ಬದಲಿಗೆ ಬರುವ ರಾಸಾಯನಿಕಗಳು ಇನ್ನೂ ಹೆಚ್ಚು ಹಾನಿ ಮಾಡಬಹುದೆಂಬ ಶಂಕೆ ಮೂಡಿದುದರಿಂದ 2020ರಲ್ಲಿ ಅದನ್ನು ಮುಂದೂಡಬೇಕಾಯಿತು. ಸ್ಯಾನ್ ಡಿಯಾಗೋದ ಶೆಲ್ಟರ್ ಐಲ್ಯಾಂಡ್ ದೋಣಿ ನಿಲ್ದಾಣಕ್ಕೆ 2005ರಲ್ಲಿ ಬೇರೆ ದಾರಿ ಹಿಡಿಯಲಾಯಿತು: ಅಲ್ಲಿಯ ನೀರಿಗೆ ಸೇರುವ ತಾಮ್ರವನ್ನು 17 ವರ್ಷಗಳಲ್ಲಿ ಶೇ. 76ರಷ್ಟು ತಗ್ಗಿಸುವ ಗುರಿ. ದೋಣಿ ಮಾಲೀಕರು, ನಿಲ್ದಾಣ, ಬಂದರು ಆಡಳಿತ ಎಲ್ಲರಿಗೂ ಅದರಲ್ಲಿ ಹೊಣೆ ಹಂಚಲಾಯಿತು. ವಸ್ತುವನ್ನು ನಿಷೇಧಿಸುವುದಕ್ಕಿಂತ, ನೀರನ್ನು ಅಳೆದು ಪ್ರಮಾಣವನ್ನು ನಿಯಂತ್ರಿಸುವುದೇ ಕಾರ್ಯಸಾಧ್ಯವೆಂಬುದು ಈ ಎರಡು ಅನುಭವಗಳಿಂದ ಹೊರಡುವ ಪಾಠ.

ನಮ್ಮ ಕರಾವಳಿಗೆ ಒಪ್ಪುವ ಕ್ರಮ

ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಬೋಟುಗಳ ದುರಸ್ತಿ, ಹಳೆಯ ಬಣ್ಣ ಕೆರೆದು ಹೊಸತು ಬಳಿಯುವ ಕಾರ್ಯಗಳಿಗೆ ಸಿಗುವ ಬಿಡುವು ಇದೇ. ಮಳೆ ಬಿರುಸಾಗಿರುವುದೂ ಆಗಲೇ. ದಡದಲ್ಲಿ ಕೆರೆದ ಬಣ್ಣದ ಪುಡಿಯನ್ನು ಹಾಗೆಯೇ ಬಿಟ್ಟರೆ ಒಂದೇ ಮಳೆಗೆ ಅದು ಹೊಳೆಗಿಳಿದು ಕೆಸರಿನಲ್ಲಿ ಕೂರುತ್ತದೆ. ಆದ್ದರಿಂದ ಮೊದಲ ಹೆಜ್ಜೆ ಬೋಟ್ ಯಾರ್ಡಿನಲ್ಲಿಯೇ ಆಗಬೇಕು: ಮಾಡಿನ ಕೆಳಗೆ ಸಿಮೆಂಟಿನ ಜಗಲಿ, ಕೆರೆಯುವಾಗ ಹಾಸಲು ತಾಡಪಾಲು, ಪುಡಿಯನ್ನು ಗುಡಿಸಿ ಚೀಲದಲ್ಲಿ ತುಂಬಿ ವಿಲೇವಾರಿಗೆ ಒಪ್ಪಿಸುವ ವ್ಯವಸ್ಥೆ. ಇದಕ್ಕೆ ಹೊಸ ಶಾಸನವೇ ಬೇಕೆಂದಿಲ್ಲ.

ಎರಡನೆಯದು ಡಬ್ಬಿಯ ಮೇಲಿನ ಮಾಹಿತಿ. ತಾಮ್ರದ ಅಂಶವೆಷ್ಟು, ಅದು ನೀರಿಗೆ ಬಿಡುಗಡೆಯಾಗುವ ದರವೆಷ್ಟು ಎಂಬುದನ್ನು ತಯಾರಕರು ಕನ್ನಡದಲ್ಲಿಯೂ ನಮೂದಿಸಬೇಕು. ಮೂರನೆಯದು, ಬೋಟಿನ ಬಗೆಗೆ ತಕ್ಕಂತೆ ಆ ದರಕ್ಕೆ ಗರಿಷ್ಠ ಮಿತಿ. ಮನೆಬಣ್ಣದ ಸೀಸಕ್ಕೆ ಕೇಂದ್ರ ಸರ್ಕಾರ 2016ರ ನಿಯಮಗಳ ಮೂಲಕ ಹತ್ತು ಲಕ್ಷಕ್ಕೆ 90 ಭಾಗಗಳ ಮಿತಿ ಹಾಕಿ, 2017ರ ನವೆಂಬರಿನಿಂದ ಜಾರಿಗೆ ತಂದಿತು. ಉದ್ಯಮಕ್ಕೆ ಒಂದು ವರ್ಷದ ಕಾಲಾವಕಾಶ ದೊರೆತ ಆ ಮಾದರಿ ಇಲ್ಲಿಯೂ ಅನುಕರಣೀಯ.

ನಾಲ್ಕನೆಯದಾಗಿ, ಮಿತಿ ಗೊತ್ತುಪಡಿಸುವ ಮುನ್ನ ನೀರನ್ನು ಅಳೆಯಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿದೆ. ಮುಖ್ಯ ಬಂದರುಗಳ ನೀರು ಮತ್ತು ಕೆಸರನ್ನು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದರೆ ವಾದವಿವಾದಗಳಿಗೆ ಬದಲು ಅಂಕಿಗಳ ಆಧಾರ ದೊರೆಯುತ್ತದೆ.

ಖರ್ಚಿನ ಪ್ರಶ್ನೆ ನಿಜವಾದುದೇ. ತಾಮ್ರವಿಲ್ಲದ ಸಿಲಿಕೋನ್ ಲೇಪ ದುಬಾರಿ. ಹೆಚ್ಚು ಹೊತ್ತು ನಿಂತಿರುವ, ನಿಧಾನಗತಿಯ ಬೋಟುಗಳಿಗೆ ಅದರ ಪ್ರಯೋಜನವೂ ಕಡಿಮೆ. ಸಾಲದ ಮೇಲೆ ಬೋಟು ನಡೆಸುವ ಸಣ್ಣ ಮಾಲೀಕನ ಮೇಲೆ ಈ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ. ಯಾರ್ಡಿನ ಸುಧಾರಣೆಗೆ ಬಂದರು ನಿರ್ವಹಣೆಯ ನಿಧಿಯಿಂದ ನೆರವು, ಕಡಿಮೆ ದರದಲ್ಲಿ ತಾಮ್ರ ಬಿಡುವ ಬಣ್ಣಕ್ಕೆ ಸಹಕಾರಿ ಸಂಘಗಳ ಮೂಲಕ ಒಟ್ಟು ಖರೀದಿ, ಈ ಎರಡೂ ಉದ್ದಿಮೆ ಸಂಘಟನೆಗಳು ಕೈಗೆತ್ತಿಕೊಳ್ಳಬಹುದಾದ ಕಾರ್ಯಗಳು.

ಒಳನಾಡಿನ ಬೆಳೆಗಾರ ಬೋರ್ಡೋ ದ್ರಾವಣವನ್ನು ಬಿಟ್ಟುಕೊಟ್ಟಿಲ್ಲ. ಅದನ್ನು ಅಳೆದು ಬಳಸುವುದನ್ನು ಕಲಿತಿದ್ದಾನೆ. ಬೋಟು ಮಾಲೀಕರೂ ಬಣ್ಣದ ತಯಾರಕರೂ ಅದೇ ಶಿಸ್ತನ್ನು ತಾವಾಗಿಯೇ ಒಪ್ಪಿಕೊಂಡರೆ, ನಾಳೆ ಬರಬಹುದಾದ ನಿಯಮವು ಅವರ ಅನುಭವವನ್ನು ಆಧರಿಸಿ ರೂಪುಗೊಳ್ಳುತ್ತದೆ. ಅಳಿವೆ ಬರಿದಾಗುವವರೆಗೆ ಕಾದರೆ, ಆರ್ಕಶಾನಿನಲ್ಲಾದಂತೆ, ನಷ್ಟವೇ ನಿಯಮವನ್ನು ಬರೆಯುತ್ತದೆ.