ಪಿಕಪ್ ಇರುವುದು ಎಡಗೈಯಲ್ಲಿ

ನಂಜನಗೂಡು, ತಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ ಬೈಕ್ ಕೊಳ್ಳಲು ಹೊರಟ ಹುಡುಗ ಮೊದಲು ವಿಚಾರಿಸುವುದು ಮೈಲೇಜು, ಅದರ ಬೆನ್ನಿಗೇ ಪಿಕಪ್. ನಿಂತಲ್ಲಿಂದ ಎದ್ದು ಓಡುವ ಆ ಗುಣವನ್ನೇ ಪರೀಕ್ಷೆಗಿಡುವ ಆಟ ಡ್ರ್ಯಾಗ್ ರೇಸ್. ಇದರಲ್ಲಿ ತಿರುವಿಲ್ಲ, ಸುತ್ತಿಲ್ಲ. ಇಬ್ಬರು ಸವಾರರು ಅಕ್ಕಪಕ್ಕ ನಿಂತು, ದೀಪ ಹಸಿರಾದೊಡನೆ ಹೊರಟು, ನೇರ ದಾರಿಯಲ್ಲಿ 402 ಮೀಟರ್, ಅಂದರೆ ಕಾಲು ಮೈಲಿ ಓಡುತ್ತಾರೆ. ಕೆಲವು ಕಡೆ ಅದರ ಅರ್ಧ, 201 ಮೀಟರ್. ಮೊದಲು ಗೆರೆ ದಾಟಿದವರು ಗೆದ್ದಂತೆ. ನಮ್ಮ ಕಡೆಯ ಜೋಡೆತ್ತಿನ ಗಾಡಿ ಓಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತುಗಳು ಮೊದಲ ನೆಗೆತಕ್ಕೆ ಹೇಗೆ ಕಾಲೂರಿದವು ಎನ್ನುವುದರಲ್ಲೇ ಅರ್ಧ ಓಟ ತೀರ್ಮಾನವಾಗಿರುತ್ತದೆ.

ಬೈಕಿನಲ್ಲೂ ಹಾಗೆಯೇ. ಷೋರೂಮಿನಿಂದ ಬಂದ ಹಾಗೇ ಇರುವ, ಏನೂ ಬದಲಾಯಿಸದ ಸ್ಟಾಕ್ ಬೈಕುಗಳ ವಿಭಾಗದಲ್ಲಿ ಇಬ್ಬರ ಎಂಜಿನ್ನಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಹುಟ್ಟುವುದು ಮೊದಲ 20 ಮೀಟರಿನಲ್ಲಿ, ಎಡಗೈಯ ಕ್ಲಚ್ಚಿನಲ್ಲಿ. ಅಲ್ಲಿ ಕಳೆದುಕೊಂಡ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಮುಂದೆ ಎಷ್ಟು ಎಕ್ಸಲೇಟರ್ ತಿರುಗಿಸಿದರೂ ಮರಳಿ ಪಡೆಯಲಾಗದು, ಏಕೆಂದರೆ ಅದು ಆಗಲೇ ಪೂರ್ತಿ ತಿರುಗಿರುತ್ತದೆ.

ಹೊರಡುವ ಗಳಿಗೆಯಲ್ಲಿ ಆಗುವುದು ಇಷ್ಟು. ಫಸ್ಟ್ ಗೇರಿನಲ್ಲಿ ಕ್ಲಚ್ ಹಿಡಿದು, ಎಂಜಿನ್ನನ್ನು ಅದರ ಗರಿಷ್ಠ ವೇಗದ ಅರ್ಧಕ್ಕಿಂತ ತುಸು ಮೇಲೆ ನಿಲ್ಲಿಸಿಕೊಳ್ಳಬೇಕು. ಕೆಳಗೆ ಇಟ್ಟರೆ ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಕುಗ್ಗಿ ಬೈಕು ಗೊಗ್ಗರಿಸುತ್ತದೆ. ತೀರಾ ಮೇಲೆ ಇಟ್ಟರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ, ಇಲ್ಲವೇ ಮುಂದಿನ ಚಕ್ರ ಮೇಲೇಳುತ್ತದೆ. ಇನ್ನು ಕ್ಲಚ್ಚನ್ನು ಪಟ್ಟನೆ ಬಿಡುವುದೂ ತಪ್ಪು, ಹೆದರಿ ಎಳೆದಾಡುವುದೂ ತಪ್ಪು. ಲಿವರು ಎಲ್ಲಿ ಕಚ್ಚಲು ಶುರುಮಾಡುತ್ತದೋ ಆ ಜಾಗಕ್ಕೆ ಬೇಗ ಬಂದು, ಅಲ್ಲಿಂದ ಮುಂದಿನ ಬೆರಳಗಲದಷ್ಟು ಅಂತರವನ್ನು ಒಂದು, ಒಂದೂವರೆ ಸೆಕೆಂಡಿನಲ್ಲಿ ಹದವಾಗಿ ಬಿಡಬೇಕು. ಅಷ್ಟು ಹೊತ್ತೂ ಪ್ಲೇಟುಗಳು ಆಯಿಲಿನಲ್ಲಿ ಮುಳುಗಿ ಜಾರುತ್ತಲೇ ಶಕ್ತಿ ದಾಟಿಸುತ್ತಿರುತ್ತವೆ, ಜಾರಿದಷ್ಟೂ ಕಾಯುತ್ತವೆ. ನಾಲ್ಕೈದು ಬಾರಿ ಬೆನ್ನುಬೆನ್ನಿಗೆ ಇದನ್ನೇ ಮಾಡಿದರೆ ಸುಟ್ಟ ಆಯಿಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಲಿವರ್ ಕಚ್ಚುವ ಜಾಗ ಬದಲಾಗುತ್ತದೆ. ಆಗ ಬೈಕು ನಿಲ್ಲಿಸಿ ತಣ್ಣಗಾಗಲು ಬಿಡುವುದೇ ಸರಿ.

ಮುಂದಿನ ಚಕ್ರ ಏಳುವುದನ್ನು ಶಕ್ತಿಯ ಗುರುತೆಂದು ಹುಡುಗರು ನಂಬಿದ್ದಾರೆ. ರೇಸಿನಲ್ಲಿ ಅದು ನಷ್ಟ. ತಳ್ಳುವ ಬಲ ಹುಟ್ಟುವುದು ಹಿಂದಿನ ಟೈರು ನೆಲ ಮುಟ್ಟುವ ಕಡೆ, ಸವಾರನೂ ಸೇರಿ ಭಾರವೆಲ್ಲ ಇರುವುದು ಅದಕ್ಕಿಂತ ಮೇಲೆ. ಕೆಳಗೆ ತಳ್ಳಿದಾಗ ಮೇಲಿನ ಭಾರ ಹಿಂದಕ್ಕೆ ವಾಲುವುದು ಸಹಜ. ಚಕ್ರ ಎದ್ದರೆ ಸವಾರ ಎಕ್ಸಲೇಟರ್ ಇಳಿಸಲೇಬೇಕು, ಅಷ್ಟರಲ್ಲಿ ಪಕ್ಕದವನು ಹೋಗಿರುತ್ತಾನೆ. ಅದಕ್ಕೇ ಸವಾರರು ಸೀಟಿನಲ್ಲಿ ಮುಂದೆ ಸರಿದು, ಎದೆಯನ್ನು ಟ್ಯಾಂಕಿಗೆ ಒತ್ತಿ, ತಲೆ ತಗ್ಗಿಸಿ ಹೊರಡುವುದು. ಭಾರ ಮುಂದಕ್ಕೂ ಕೆಳಕ್ಕೂ ಬಂದಷ್ಟು ಹೆಚ್ಚು ಬಲವನ್ನು ಹಿಂದಿನ ಚಕ್ರಕ್ಕೆ ಕೊಡಬಹುದು. ಆಮೇಲೆ ಗಾಳಿಯ ತಡೆ ಕಡಿಮೆ ಮಾಡುವುದಕ್ಕೂ ಅದೇ ಭಂಗಿ ಬೇಕು.

ಗೇರು ಬದಲಾಯಿಸುವುದನ್ನು ಕಲಿಯುವುದು ಸುಲಭ. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವ ವೇಗವನ್ನು ಸ್ವಲ್ಪ ದಾಟಿದ ಮೇಲೆ ಬದಲಾಯಿಸಿದರೆ, ಮುಂದಿನ ಗೇರಿನಲ್ಲಿ ಇಳಿದು ನಿಲ್ಲುವ ವೇಗದಲ್ಲೂ ಎಳೆತ ಉಳಿದಿರುತ್ತದೆ. ಎಂಜಿನ್ನಿನ ವೇಗ ಮಿತಿ ಮೀರದಂತೆ ತಡೆಯುವ ಲಿಮಿಟರ್ ತಗುಲಿ ಎಂಜಿನ್ ತಡವರಿಸುವ ತನಕ ಕಾಯುವುದು ವ್ಯರ್ಥ.

ಯಮಹಾ ಆರ್‌ಎಕ್ಸ್ 100 ಬಗ್ಗೆ ಇಲ್ಲಿ ಹೇಳಲೇಬೇಕು. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಈ 98 ಸಿಸಿಯ ಟೂ ಸ್ಟ್ರೋಕ್ ಗಾಡಿಯ ಶಕ್ತಿ 11 ಕುದುರೆ, ತೂಕ ಸುಮಾರು 100 ಕೆ.ಜಿ. ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಪಕ್ಕದಲ್ಲಿ ನಿಂತರೆ ಇದು ಹಗುರ. ಆ ಹಗುರತನವೇ ಅದರ ಪಿಕಪ್ಪಿನ ಗುಟ್ಟು. ಆರ್‌ಪಿಎಂ ಮೀಟರ್ ಇಲ್ಲದ ಗಾಡಿ, ಹಾಗಾಗಿ ಅದನ್ನು ಓಡಿಸಿದವರು ಕಿವಿಯಿಂದಲೇ ಗೇರು ಬದಲಾಯಿಸಲು ಕಲಿತರು. ಇದರ ಸೈಲೆನ್ಸರ್ ಒಳಗಿನದನ್ನು ಕಿತ್ತು ಸದ್ದು ಮಾಡಿಸಿದರೆ ವೇಗ ಬರುತ್ತದೆಂಬ ನಂಬಿಕೆ ಇನ್ನೂ ಹೋಗಿಲ್ಲ. ಟೂ ಸ್ಟ್ರೋಕಿನಲ್ಲಿ ಹೊಗೆ ಹೊರಹೋಗುವ ಕೊಳವೆಯ ಆಕಾರಕ್ಕೂ ಕೆಲಸವಿದೆ. ಒಳಗೆ ಹುಟ್ಟಿದ ಒತ್ತಡದ ಅಲೆ ಮರಳಿ ಬಂದು, ಹೊರಗೆ ಸೋರುತ್ತಿರುವ ಹೊಸ ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ತಳ್ಳುತ್ತದೆ. ಆ ಲೆಕ್ಕ ಕೆಡಿಸಿದರೆ ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ.

ದುಡ್ಡು ಖರ್ಚಿಲ್ಲದೆ ಆಗುವ ಸಹಾಯ ಬೇರೆ ಇದೆ. ಏರ್ ಫಿಲ್ಟರ್ ಶುದ್ಧವಿರಲಿ, ಪ್ಲಗ್ ಸರಿಯಿರಲಿ, ಚೈನು ಕಂಪನಿ ಹೇಳಿದಷ್ಟೇ ಸಡಿಲವಿರಲಿ. ತೀರಾ ಬಿಗಿಯಾದ ಚೈನು ಶಕ್ತಿ ತಿನ್ನುತ್ತದೆ. ಕ್ಲಚ್ ಕೇಬಲ್ಲಿನಲ್ಲಿ ಸ್ವಲ್ಪ ಆಟ ಇರಲೇಬೇಕು, ಇಲ್ಲದಿದ್ದರೆ ಲಿವರ್ ಪೂರ್ತಿ ಬಿಟ್ಟರೂ ಪ್ಲೇಟುಗಳು ಪೂರ್ತಿ ಹಿಡಿಯುವುದಿಲ್ಲ. ಭಾರದ ಲೆಕ್ಕವಂತೂ ನೇರ. 100 ಕೆ.ಜಿ. ಗಾಡಿಯ ಮೇಲೆ 65 ಕೆ.ಜಿ. ಸವಾರನ ಬದಲು 80 ಕೆ.ಜಿ.ಯವನು ಕೂತರೆ ಒಟ್ಟು ಭಾರ ನೂರಕ್ಕೆ ಒಂಬತ್ತರಷ್ಟು ಏರುತ್ತದೆ. ಸಣ್ಣ ಎಂಜಿನ್ನಿಗೆ ಇದು ದೊಡ್ಡ ಹೊರೆ.

ಓಡುವುದಕ್ಕಿಂತ ನಿಲ್ಲಿಸುವುದಕ್ಕೆ ಹೆಚ್ಚು ಯೋಚನೆ ಬೇಕು. 402 ಮೀಟರ್ ಮುಗಿಯುವ ಹೊತ್ತಿಗೆ 150 ಸಿಸಿ ಬೈಕು ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಆ ವೇಗದಲ್ಲಿ ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹೋದರೆ ಅಷ್ಟರಲ್ಲೇ 28 ಮೀಟರ್ ದಾಟಿಯಾಯಿತು. ಒಣ ಟಾರಿನ ಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನು 55 ಮೀಟರ್ ಬೇಕು. ಮಣ್ಣು, ಹುಲ್ಲು ಹರಡಿದ ಕಡೆ ಹಿಡಿತ ಅರ್ಧಕ್ಕಿಳಿದರೆ ಆ 55 ಹೋಗಿ 110 ಆಗುತ್ತದೆ. ನಂಜನಗೂಡು ಕಡೆಯ ಹೆಮ್ಮರಗಾಲದ ಸುತ್ತಿನ ರಸ್ತೆಗಳಲ್ಲಿ ಸುಗ್ಗಿಯಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಹರಡುವುದನ್ನು ಎಲ್ಲರೂ ಬಲ್ಲರು. ಕಬ್ಬಿನ ಟ್ರ್ಯಾಕ್ಟರು ಗದ್ದೆಯಿಂದ ನೇರ ಟಾರಿಗೆ ಏರುತ್ತದೆ. ಇದೇ ದಾರಿಯಲ್ಲಿ ಅಲ್ಲಿನ ದೇವಸ್ಥಾನದ ಸಂತಾನ ವೇಣುಗೋಪಾಲಸ್ವಾಮಿಗೆ ಮಕ್ಕಳಾಗಲೆಂದು ಹರಕೆ ಹೊತ್ತ ದಂಪತಿಗಳು ಬರುತ್ತಾರೆ, ಹರಕೆ ಫಲಿಸಿದವರು ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಾರೆ. ಈ ರಸ್ತೆ ಎಷ್ಟೇ ನೇರವಾಗಿ ಕಂಡರೂ ಪಂದ್ಯಕ್ಕೆ ತಕ್ಕ ಜಾಗವಲ್ಲ. ಬೆಳಗಿನ ಜಾವ ಖಾಲಿ ಇರುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಹಾಲಿನ ಡೇರಿಗೆ ಕ್ಯಾನು ಹೊರಡುವುದೂ ಆಗಲೇ.

ಕಾನೂನೂ ಸ್ಪಷ್ಟವಾಗಿದೆ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000 ರೂಪಾಯಿಯವರೆಗೆ ಹೋಗುತ್ತದೆ. ಓಡಿಸಿದವನಿಗೆ 18 ತುಂಬಿಲ್ಲದಿದ್ದರೆ ಅಪ್ಪ ಅಥವಾ ಗಾಡಿಯ ಮಾಲೀಕರ ಮೇಲೇ ಕೇಸು, 25,000 ರೂಪಾಯಿ ದಂಡ.

ಆಸಕ್ತಿ ನಿಜವಾಗಿದ್ದರೆ ದಾರಿಯೂ ಇದೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಡ್ರ್ಯಾಗ್ ಕೂಟಗಳು ನಡೆದಿವೆ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತದೆ. ಅದನ್ನು ಹಲವು ಬಾರಿ ಗೆದ್ದ ಹೇಮಂತ್ ಮುದ್ದಪ್ಪ ಬೆಂಗಳೂರಿನವರೇ. ಚಾಂಪಿಯನ್‌ಶಿಪ್‌ಗೆ ಇಳಿಯಲು ಮೋಟಾರ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟದ ಸ್ಪರ್ಧಾ ಲೈಸೆನ್ಸ್ ಬೇಕು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಚರ್ಮದ ಸೂಟು, ಗ್ಲೌಸು, ಬೂಟು ಬೇಕು. ಓಟಕ್ಕೆ ಮೊದಲು ಬೈಕಿನ ತಪಾಸಣೆ ಆಗುತ್ತದೆ. ಗೆರೆ ದಾಟಿದ ಮೇಲೂ ನಿಲ್ಲಿಸಲು ಉದ್ದನೆಯ ಖಾಲಿ ಜಾಗ, ಪಕ್ಕದಲ್ಲೇ ಆಂಬುಲೆನ್ಸ್ ಇರುತ್ತದೆ.

ಇಂಥ ಕೂಟಗಳಲ್ಲಿ ಸೆನ್ಸರ್ ಇಟ್ಟು ಅಳೆಯುವ ಕಡೆ ಓಟ ಮುಗಿದ ಮೇಲೆ ಸಮಯದ ಚೀಟಿ ಸಿಗುತ್ತದೆ. ಅದರಲ್ಲಿ ದೀಪ ಹಸಿರಾದ ಮೇಲೆ ನೀವು ಕದಲಲು ತೆಗೆದುಕೊಂಡ ಹೊತ್ತು ಬೇರೆ, ಓಡಿದ ಹೊತ್ತು ಬೇರೆ. ಓಟದ ಗಡಿಯಾರ ಶುರುವಾಗುವುದು ಮುಂದಿನ ಚಕ್ರ ಹೊರಡುವ ಗೆರೆಯ ಸೆನ್ಸರಿನ ಬೆಳಕಿನ ಕಿರಣ ಬಿಟ್ಟು ಕದಲಿದಾಗ. ಹಾಗಾಗಿ ಕಡಿಮೆ ಹೊತ್ತಿನಲ್ಲಿ ಓಡಿದವನೂ, ದೀಪ ಕಂಡು ತಡವಾಗಿ ಹೊರಟಿದ್ದರೆ ಸೋಲಬಹುದು. ಹೊಸಬರು ಚೀಟಿಯ ಕೊನೆಗಿರುವ ಟಾಪ್ ಸ್ಪೀಡನ್ನು ಮೊದಲು ನೋಡುತ್ತಾರೆ. ಮೊದಲು ನೋಡಬೇಕಾದದ್ದು 60 ಅಡಿಯ ಸಮಯ, ಅಂದರೆ ಮೊದಲ 18 ಮೀಟರಿನದು. ಕೊನೆಯ ಸ್ಪೀಡು ಹಾಗೇ ಇದ್ದು ಇದು ಮಾತ್ರ ಓಟದಿಂದ ಓಟಕ್ಕೆ ಏರಿಳಿಯುತ್ತಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಬೇಡಿ, ಕ್ಲಚ್ ಬಿಡುವುದನ್ನು ಅಭ್ಯಾಸ ಮಾಡಿ.